ಎಣ್ಣೆಯ ಜಾಹೀರಾತಿನಲ್ಲಿರುವ ತಲೆ ನನ್ನದು, ದಯವಿಟ್ಟು ನಂಬಬೇಡಿ

ಕೂದಲೆಣ್ಣೆಯೊಂದರ ಜಾಹೀರಾತಿನಲ್ಲಿ ‘ಮೊದಲು’, ‘ನಂತರ’ ಎಂದು ಎರಡು ಫೋಟೊಗಳಿವೆ. ಎರಡೂ ನನ್ನ ತಲೆಯವೇ. ಯಾರೂ ತಿದ್ದಿಲ್ಲ, ನಾನೇ ತೆಗೆದು ಖುಷಿಯಿಂದ ಕಳುಹಿಸಿದ್ದು. ಈ ಎಣ್ಣೆಯಿಂದಲೇ ಕೂದಲು ಬಂತು ಎಂದು ಅವುಗಳ ಕೆಳಗೆ ಬರೆದಿರುವ ಮಾತು ಮಾತ್ರ ಸುಳ್ಳು. ಅದು ಸುಳ್ಳೆಂದು ತಿಳಿಯಲು ನನಗೆ ನಾಲ್ಕು ವರ್ಷ ಹಿಡಿಯಿತು.

ಆಗ ನನಗೆ 26 ವರ್ಷ. ಜೋರು ಜ್ವರ ಬಂದು ಹತ್ತು ದಿನ ಹಾಸಿಗೆ ಹಿಡಿದಿದ್ದೆ. ಗುಣವಾಗಿ ಎರಡೂವರೆ ತಿಂಗಳಾಗಿ, ಜ್ವರ ಬಂದಿದ್ದೇ ಮರೆತುಹೋಗಿದ್ದಾಗ ಕೂದಲು ಉದುರತೊಡಗಿತು. ಸ್ನಾನ ಮುಗಿಸಿದರೆ ಬಚ್ಚಲಿನ ಜಾಲರಿಯ ಮೇಲೆ ಒಂದು ಉಂಡೆ. ಬೆರಳಾಡಿಸಿದರೆ ಬೆರಳ ಸಂದಿಯಲ್ಲಿ ಎಂಟು ಹತ್ತು ಎಳೆ. ಗಾಬರಿಯಲ್ಲಿ ಎಣ್ಣೆ ತರಿಸಿ ದಿನವೂ ತಿಕ್ಕಿದೆ. ಕೆಲವು ತಿಂಗಳಲ್ಲಿ ನೆತ್ತಿ ತುಂಬಿಕೊಂಡಿತು. ನಾನು ಆ ಎಣ್ಣೆಯ ಭಕ್ತನಾದೆ. ಕಂಡಕಂಡವರಿಗೆ ಹೇಳಿದೆ, ತಮ್ಮನಿಗೂ ಒಂದು ಬಾಟಲಿ ಕೊಡಿಸಿದೆ.

ನಡೆದದ್ದು ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಕತೆ. ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿವೆ. ಒಂದೊಂದೂ 2ರಿಂದ 6 ವರ್ಷ ಬೆಳೆದು, ಸುಮಾರು 3 ತಿಂಗಳು ಸುಮ್ಮನಿದ್ದು, ಆಮೇಲೆ ಉದುರುತ್ತದೆ. ದಿನಕ್ಕೆ 50ರಿಂದ 100 ಉದುರಿದರೆ ಅದು ಸಹಜ. ಜೋರು ಜ್ವರ, ಶಸ್ತ್ರಚಿಕಿತ್ಸೆ, ದಿಢೀರನೆ ತೂಕ ಇಳಿಯುವುದು, ಇಂಥ ಪೆಟ್ಟು ಬಿದ್ದಾಗ ಬಹಳಷ್ಟು ಕೂದಲು ಒಟ್ಟಿಗೇ ಬೆಳವಣಿಗೆ ನಿಲ್ಲಿಸಿ, ಎರಡು ಮೂರು ತಿಂಗಳ ನಂತರ ಒಟ್ಟಿಗೇ ಉದುರುತ್ತವೆ. ಇದಕ್ಕೆ ಟೆಲೊಜೆನ್ ಎಫ್ಲುವಿಯಮ್ ಎನ್ನುತ್ತಾರೆ. ಬೇರು ಸತ್ತಿರುವುದಿಲ್ಲವಾದ್ದರಿಂದ ಸಾಮಾನ್ಯವಾಗಿ ತಾನಾಗಿಯೇ ಮರಳಿ ಬರುತ್ತದೆ. ಎಣ್ಣೆಯ ಬದಲು ಬರೀ ನೀರು ಹಚ್ಚಿದ್ದರೂ ಬರುತ್ತಿತ್ತು.

ಇಷ್ಟೇ ಆಗಿದ್ದರೆ ಹಣ ಹೋಯಿತು ಎಂದು ಸುಮ್ಮನಾಗುತ್ತಿದ್ದೆ. ಆದರೆ ಎಣ್ಣೆಯನ್ನು ನಂಬಿ ಕುಳಿತ ನಾಲ್ಕು ವರ್ಷಗಳಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆಯುತ್ತಿತ್ತು. ಹಣೆ ಅಗಲವಾಗುತ್ತಿದೆ ಎಂದು ಅಮ್ಮ ಹೇಳಿದರೆ ಅದೃಷ್ಟವಂತರ ಲಕ್ಷಣ ಎಂದು ನಕ್ಕೆ. ಕ್ಷೌರದಂಗಡಿಯವರು ಕೊನೆಯಲ್ಲಿ ತಲೆಯ ಹಿಂದೆ ಕನ್ನಡಿ ಹಿಡಿದು ತೋರಿಸುತ್ತಾರಲ್ಲ, ನಮ್ಮವರು ಅದನ್ನು ತೋರಿಸುವುದನ್ನೇ ಬಿಟ್ಟಿದ್ದರು. ಸಂಕೋಚ ಇರಬೇಕು. ಒಂದು ದಿನ ನಾನೇ ಕೇಳಿದೆ. ಕನ್ನಡಿಯಲ್ಲಿ ಸುಳಿಯ ಸುತ್ತ ಅಂಗೈಯಗಲ ಚರ್ಮ ಹೊಳೆಯುತ್ತಿತ್ತು.

ಗಂಡಸರ ಬೊಕ್ಕತಲೆ ಹೆಚ್ಚಾಗಿ ಬರುವುದು ಹೀಗೆಯೇ. ಇದರಲ್ಲಿ ಉದುರುವುದಕ್ಕಿಂತ ಸಣ್ಣಗಾಗುವುದು ಮುಖ್ಯ. ದೇಹದ ಟೆಸ್ಟೊಸ್ಟಿರೋನ್ ಒಂದು ಕಿಣ್ವದಿಂದ ಡಿಎಚ್‌ಟಿ ಎಂಬ ಹಾರ್ಮೋನಾಗಿ ಬದಲಾಗುತ್ತದೆ. ಅದಕ್ಕೆ ನೆತ್ತಿ ಮತ್ತು ಹಣೆಯ ಮೂಲೆಗಳ ಬೇರುಗಳು ಹುಟ್ಟಿನಿಂದಲೇ ಸೂಕ್ಷ್ಮವಾಗಿದ್ದರೆ, ಪ್ರತಿ ಸುತ್ತಿನಲ್ಲೂ ಕೂದಲು ಮೊದಲಿಗಿಂತ ತೆಳ್ಳಗೆ, ಗಿಡ್ಡಗೆ ಹುಟ್ಟುತ್ತಾ ಕಡೆಗೆ ನವಿರಾಗಿ ಉಳಿಯುತ್ತದೆ. ಪ್ರೌಢರಾಗುವ ಮುನ್ನವೇ ವೃಷಣ ತೆಗೆಸಿಕೊಂಡವರಿಗೆ ಬೊಕ್ಕತಲೆ ಬರುವುದಿಲ್ಲ ಎಂದು ಅಮೆರಿಕದ ಸಂಶೋಧಕ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲೇ ತೋರಿಸಿಕೊಟ್ಟಿದ್ದರು. ಅವರು ಗುರುತಿಸಿದ ಬೊಕ್ಕತಲೆಯ ಹಂತಗಳನ್ನು 1975ರಲ್ಲಿ ನಾರ್ವುಡ್ ಎಂಬ ವೈದ್ಯರು ಪರಿಷ್ಕರಿಸಿದರು. ವೈದ್ಯರು ಇಂದಿಗೂ ಆ ಏಳು ಹಂತಗಳ ಲೆಕ್ಕದಲ್ಲೇ ಮಾತನಾಡುತ್ತಾರೆ. (ಸೋದರಮಾವನ ತಲೆ ನೋಡಿದರೆ ಸಾಕು ಎನ್ನುವುದು ಅರ್ಧ ಸತ್ಯ. ಒಂದು ಮುಖ್ಯ ಜೀನ್ ತಾಯಿಯಿಂದ ಬರುವುದು ನಿಜ, ಉಳಿದ ಹಲವು ಅಪ್ಪನ ಕಡೆಯಿಂದಲೂ ಬರುತ್ತವೆ. ಟೋಪಿ, ಹೆಲ್ಮೆಟ್ ಪಾಪ, ನಿರಪರಾಧಿಗಳು.)

ಚರ್ಮರೋಗ ತಜ್ಞೆ ಪುಟ್ಟ ಕ್ಯಾಮೆರಾವನ್ನು ನೆತ್ತಿಗೆ ಒತ್ತಿ ಪರದೆಯ ಮೇಲೆ ತೋರಿಸಿದರು. ದಪ್ಪ ಕೂದಲಿನ ಪಕ್ಕದಲ್ಲೇ ಜೇಡರ ಬಲೆಯಂಥ ಎಳೆಗಳು. ಹಿಂದಲೆಯಲ್ಲಿ ಎಲ್ಲವೂ ಒಂದೇ ದಪ್ಪ. “ನೆತ್ತಿ ತುಂಬಿದ್ದನ್ನು ನೋಡಿದಿರಿ, ಮೂಲೆಗಳನ್ನು ನೋಡಲಿಲ್ಲ” ಎಂದರು. ಮೊಬೈಲಿನಲ್ಲಿದ್ದ ಹಳೆಯ ಫೋಟೊಗಳನ್ನು ತೆಗೆದು ನೋಡಿದೆ. ‘ಮೊದಲು’ ಚಿತ್ರದಲ್ಲೂ ‘ನಂತರ’ದಲ್ಲೂ ಹಣೆಯ ಎರಡು ಮೂಲೆಗಳು ಆಗಲೇ ಹಿಂದೆ ಸರಿದಿದ್ದವು.

ಈಗ ಕೂದಲು ಬೆಳೆಸುವ ಮಿನಾಕ್ಸಿಡಿಲ್ ಎಂಬ ಔಷಧಿ ಹಚ್ಚುತ್ತೇನೆ, ಡಿಎಚ್‌ಟಿ ತಗ್ಗಿಸುವ ಫಿನಾಸ್ಟರೈಡ್ ಮಾತ್ರೆ 1 ಮಿಲಿಗ್ರಾಂ ನುಂಗುತ್ತೇನೆ. ಮೊದಲನೆಯದು ಶುರುವಾದ ಕೆಲವೇ ವಾರಗಳಲ್ಲಿ ಕೂದಲು ಇನ್ನಷ್ಟು ಉದುರಿತು. ಅದು ಆಗುವಂಥದ್ದೇ ಎಂದು ತಜ್ಞೆ ಮೊದಲೇ ಹೇಳಿರದಿದ್ದರೆ ಬಿಟ್ಟುಬಿಡುತ್ತಿದ್ದೆ. ಎರಡನೆಯದನ್ನು ಸ್ವಂತ ಬುದ್ಧಿಯಿಂದ ಕೊಂಡು ನುಂಗಬೇಡಿ. ಕೆಲವರಲ್ಲಿ ಲೈಂಗಿಕ ತೊಂದರೆ, ಖಿನ್ನತೆ ಕಾಣಿಸಿಕೊಳ್ಳುತ್ತದೆ. ಪ್ರಾಸ್ಟೇಟ್ ಗ್ರಂಥಿಯ ಕಾಯಿಲೆ ಪತ್ತೆಗೆ ರಕ್ತದಲ್ಲಿ ನೋಡುವ ಪಿಎಸ್‌ಎ ಅಂಕಿಯನ್ನೂ ಅದು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಔಷಧಿ ನಿಲ್ಲಿಸಿದರೆ ಸಿಕ್ಕಿದ್ದೂ ತಿಂಗಳುಗಳಲ್ಲಿ ಹೋಗುತ್ತದೆ. ನನ್ನದು ಇದ್ದಲ್ಲಿಗೆ ನಿಂತಿದೆ. ಸುಳಿಯ ನಡುವೆ ನುಣ್ಣಗಾದ ಜಾಗ ಮಾತ್ರ ಹಾಗೆಯೇ ಇದೆ. ಕೂದಲು ಕಸಿಯ ಬಗ್ಗೆ ಕೇಳಿದ್ದಕ್ಕೆ, ಮೊದಲು ಇರುವುದು ನಿಲ್ಲಲಿ ಎಂದರು. ನೆಟ್ಟದ್ದು ಉಳಿದು ಸುತ್ತಲಿನದು ಹೋದರೆ ನಡುಗಡ್ಡೆಯಂತೆ ಕಾಣುತ್ತದಂತೆ.

ನಾಣ್ಯದಗಲ ಒಮ್ಮೆಲೇ ಬೋಳಾದರೆ, ತುರಿಕೆ ಅಥವಾ ಹೊಪ್ಪಳೆ ಇದ್ದರೆ ಅದು ಬೇರೆಯೇ ಕಾಯಿಲೆ. ಅದಕ್ಕೆ ಇನ್ನೂ ಬೇಗ ತೋರಿಸಬೇಕು.

ಫೋಟೊ ತೆಗೆದುಹಾಕಿ ಎಂದು ಎಣ್ಣೆಯವರಿಗೆ ಮೂರು ಸಲ ಬರೆದೆ. ಮುಂದಿನ ಬಾಟಲಿಗೆ ರಿಯಾಯಿತಿಯ ಕೂಪನ್ ಬಂತು. ಫೋಟೊ ಈಗಲೂ ಅಲ್ಲೇ ಇದೆ. ಹಿನ್ನೆಲೆಯಲ್ಲಿ ಮೊಳೆಗೆ ನೇತುಹಾಕಿದ ನೀಲಿ ಟವೆಲ್ ಕಂಡರೆ ಅದು ನನ್ನ ತಲೆ. ನೆತ್ತಿ ಬಿಟ್ಟು ಹಣೆಯ ಮೂಲೆಗಳನ್ನು ನೋಡಿ.