ಪಿಎಲ್‌ಎಗೆ ಯಾವ ರಬ್ಬರ್ ಹೊಂದುತ್ತದೆ: ಸೋಡಿಯಂನದೋ, ಜಿಂಕ್‌ನದೋ?

ಪಿಎಲ್‌ಎ ಅಂದರೆ ಪಾಲಿಲ್ಯಾಕ್ಟಿಕ್ ಆಮ್ಲ, ಸಸ್ಯಮೂಲದ ಒಂದು ಪ್ಲಾಸ್ಟಿಕ್. ಅದರ ಪಟ್ಟಿಯನ್ನು ಬಗ್ಗಿಸಿದರೆ ಚಟ್ ಅಂತ ಮುರಿಯುತ್ತದೆ. ಎಳೆದರೆ ಶೇ. 5ರ ಆಸುಪಾಸು ಹಿಗ್ಗುವಷ್ಟರಲ್ಲೇ ತುಂಡು. ಇಷ್ಟು ಒಳ್ಳೆಯ ಪಾಲಿಯೆಸ್ಟರ್ ಈ ಒಂದು ದೋಷಕ್ಕೆ ಮೂಲೆಗೆ ಬೀಳಬಾರದು ಅಂತ ನನ್ನ ಆಸೆ. ಅದಕ್ಕೇ ಈ ಮಳೆಗಾಲ ಪೂರ್ತಿ ಪುಣೆಯ ಭೋಸರಿಯ ಒಂದು ಶೆಡ್ಡಿನಲ್ಲಿ ಅದಕ್ಕೆ ಎಸ್‌ಇಬಿಎಸ್ ರಬ್ಬರ್ ಬೆರೆಸಿ ನೋಡಿದೆ. ಪ್ರತಿ ಸಲವೂ ಪಿಎಲ್‌ಎ 80, ರಬ್ಬರ್ 20.

ಎಸ್‌ಇಬಿಎಸ್ ಒಂದು ಬ್ಲಾಕ್ ಕೋಪಾಲಿಮರ್. ಎರಡು ತುದಿಯಲ್ಲಿ ಗಟ್ಟಿ ಸ್ಟೈರೀನ್, ನಡುವೆ ಮೆತ್ತನೆಯ ಉದ್ದ ಸರಪಳಿ. ತುದಿಯ ಸ್ಟೈರೀನ್‌ಗೆ ಅಲ್ಲಲ್ಲಿ ಸಲ್ಫೋನಿಕ್ ಆಮ್ಲದ ಗುಂಪು ಸೇರಿಸಬಹುದು. ಆ ಆಮ್ಲವನ್ನು ಸೋಡಿಯಂ ಅಥವಾ ಜಿಂಕ್‌ನಿಂದ ತಟಸ್ಥ ಮಾಡಿದರೆ ಅಯಾನಿಕ್ ರಬ್ಬರ್, ಅಂದರೆ ಸರಪಳಿಯಲ್ಲಿ ವಿದ್ಯುದಾವೇಶದ ಗುಂಪುಗಳಿರುವ ರಬ್ಬರ್, ಸಿಗುತ್ತದೆ.

ಮೊದಲು ಬರೀ ಎಸ್‌ಇಬಿಎಸ್ ಹಾಕಿದೆ. ದ್ರವ ನೈಟ್ರೋಜನ್‌ನಲ್ಲಿ ತಣ್ಣಗೆ ಮಾಡಿ ಮುರಿದ ತುಂಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಲೋಣಾವಳಾ ಚಿಕ್ಕಿಯಿಂದ ಶೇಂಗಾ ಉದುರಿದ ಹಾಗೆ ದೊಡ್ಡ ದೊಡ್ಡ ಗುಂಡಿಗಳು. ಗುಂಡಿಯ ಒಳಗೋಡೆ ನುಣ್ಣಗಿತ್ತು. ರಬ್ಬರ್ ಹನಿ ಎಲ್ಲಿಯೂ ಅಂಟಿಕೊಂಡಿರಲೇ ಇಲ್ಲ ಅಂತ ಅರ್ಥ. ಇದರಲ್ಲಿ ಆಶ್ಚರ್ಯ ಇಲ್ಲ. ಉದ್ದ ಸರಪಳಿಗಳು ಸುಮ್ನೆ ಬೆರೆಯುವುದಿಲ್ಲ ಅನ್ನುವ ಲೆಕ್ಕವನ್ನು ಫ್ಲೋರಿ ಮತ್ತು ಹಗ್ಗಿನ್ಸ್ 1940ರ ದಶಕದ ಆರಂಭದಲ್ಲೇ ಕೊಟ್ಟಿದ್ದಾರೆ.

ಆಮ್ಲದ ರೂಪವನ್ನೇ ನೇರವಾಗಿ ಹಾಕುವುದು ಬೇಡವೇ ಬೇಡ. ಆಮ್ಲ ಪಾಲಿಯೆಸ್ಟರ್‌ನ ಎಸ್ಟರ್ ಕೊಂಡಿಗಳನ್ನು ಕಡಿಯುತ್ತದೆ. ನಾನು ಹಾಕಿ ನೋಡಿದಾಗ ಕರಗಿಸಿ ಬೆರೆಸುವ ಮಷೀನಿನ ಬಾಯಿಂದ (ಡೈಯಿಂದ) ಎಳೆ ಬರಲಿಲ್ಲ, ತೆಳು ಪಾಕ ಬಂತು.

ಇನ್ನು ಸೋಡಿಯಂ. ಶೆಡ್ಡಿನಲ್ಲಿ ಮಷೀನು ನಡೆಸುವವರು ವಿಜಯಪುರದ ಕಡೆಯ ಕಾಕಾ. ಮೊದಲ ದಿನವೇ ಕೂಗಿದರು: "ದಾಣಾ ಒಣಗಿಲ್ಲ ನೋಡವಾ, ಎಳಿ ಹರಿಯಾಕತ್ತೈತಿ." ದಾಣಾ ಅಂದರೆ ಪ್ಲಾಸ್ಟಿಕ್, ರಬ್ಬರ್‌ಗಳ ಕಾಳು.

"ರಾತ್ರಿಯೆಲ್ಲಾ ಒಣಗಿಸಿದ್ದೆ ಕಾಕಾ."

"ಪಿಎಲ್‌ಎ ಒಣಗಿಸಿದ್ದಿ. ಇದರ ಚೀಲ ಮುಂಜಾನಿಂದ ತೆರೆದೇ ಐತಲ್ಲ?"

ಅವರು ಹೇಳಿದ್ದು ಸರಿ. ಅಯಾನು ಇರುವ ರಬ್ಬರ್ ನೀರನ್ನು ಎಳೆದುಕೊಳ್ಳುತ್ತದೆ. ಜುಲೈನ ಭೋಸರಿ ಗಾಳಿಯಲ್ಲಿ ಅರ್ಧ ದಿನ ತೆರೆದಿಟ್ಟರೆ ಮುಗೀತು. ಆ ನೀರು ಮಷೀನಿನ ಬಿಸಿ ಕೊಳವೆಯಲ್ಲಿ (ಬ್ಯಾರೆಲ್‌ನಲ್ಲಿ) ಪಿಎಲ್‌ಎಯನ್ನು ಕಡಿಯುತ್ತದೆ. ಆಮೇಲೆ ಎರಡನ್ನೂ ಬೇರೆ ಬೇರೆ ಒಣಗಿಸಿ, ಬಿಸಿ ಇರುವಾಗಲೇ ಹಾಪರ್‌ಗೆ ಸುರಿಯತೊಡಗಿದೆ.

ಒಣಗಿದ ಮೇಲೂ ಸೋಡಿಯಂ ರಬ್ಬರ್ ನನ್ನ ಮನಸ್ಸಿಗೆ ಒಪ್ಪಲಿಲ್ಲ. ಹನಿಗಳು ಮೊದಲಿಗಿಂತ ಸಣ್ಣವು, ಆದರೆ ಒಂದೊಂದು ಒಂದೊಂದು ಗಾತ್ರ. ನಡುನಡುವೆ ಕರಗದೆ ಉಳಿದ ಉಂಡೆಗಳು. ಕಾರಣ ಇದು: ಸೋಡಿಯಂ ಅಯಾನುಗಳು ಒಂದಕ್ಕೊಂದು ಗಟ್ಟಿಯಾಗಿ ಗುಂಪು ಕಟ್ಟುತ್ತವೆ, ಕರಗಿದ ರಬ್ಬರ್ ತುಂಬಾ ಮಂದವಾಗುತ್ತದೆ. ತೆಳ್ಳಗಿನ ಪಿಎಲ್‌ಎ ಅದನ್ನು ಎಷ್ಟು ಎಳೆದಾಡಿದರೂ ಹನಿ ಒಡೆಯುವುದಿಲ್ಲ. ತಿಳಿಸಾರಿನಲ್ಲಿ ಗಟ್ಟಿ ಹಿಟ್ಟಿನ ಉಂಡೆ ಕದಡಿದ ಹಾಗೆ.

ಜಿಂಕ್ ಹಾಕಿದ ದಿನ ಎಳೆ ಹೊರಬಂದಾಗಲೇ ವ್ಯತ್ಯಾಸ ಕಂಡಿತು. ಒಂದೇ ಸಮ ಹಾಲುಬಣ್ಣ, ಎಲ್ಲೂ ಹರಿಯಲಿಲ್ಲ. ಬಗ್ಗಿಸಿದೆ. ಮುರಿಯಲಿಲ್ಲ, ಬಾಗಿದ ಜಾಗ ಬೆಳ್ಳಗಾಯಿತು ಅಷ್ಟೆ. ನನಗೆ ಅವತ್ತು ಆದ ಖುಷಿ ಅಷ್ಟಿಷ್ಟಲ್ಲ. ಸೂಕ್ಷ್ಮದರ್ಶಕದಲ್ಲಿ ಹನಿಗಳು ಸಣ್ಣ, ಒತ್ತೊತ್ತು. ಕೆಲವು ಕಡೆ ಹನಿಯಿಂದ ಪಿಎಲ್‌ಎಗೆ ದಾರದಂಥ ಎಳೆಗಳೂ ಕಂಡವು. ಜಿಂಕ್ ಇಲ್ಲಿ ಎರಡು ಕೆಲಸ ಮಾಡುತ್ತದೆ. ಅದರ ಅಯಾನು ಗುಂಪುಗಳ ಹಿಡಿತ ಬಿಸಿಯಲ್ಲಿ ಸೋಡಿಯಂನಷ್ಟು ಬಿಗಿ ಅಲ್ಲ, ಹಾಗಾಗಿ ರಬ್ಬರ್ ಚೆನ್ನಾಗಿ ಹರಿಯುತ್ತದೆ. ಜೊತೆಗೆ ಜಿಂಕ್ ಪಿಎಲ್‌ಎಯ ಎಸ್ಟರ್ ಕೊಂಡಿಯ ಕಾರ್ಬೊನಿಲ್ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ, ಹಾಗಾಗಿ ಹನಿ ಪಿಎಲ್‌ಎಗೆ ಅಂಟಿಕೊಳ್ಳುತ್ತದೆ.

ಹಾಗಂತ ಎರಡೂ ಬೆರೆತು ಒಂದೇ ಆದವು ಅಂದುಕೊಳ್ಳಬೇಡಿ. ಪೂರ್ತಿ ಬೆರೆತಿದ್ದರೆ ಡಿಎಸ್‌ಸಿ (ಬಿಸಿ ಮಾಡುತ್ತಾ ವಸ್ತು ಹೀರುವ ಶಾಖ ಅಳೆಯುವ ಪರೀಕ್ಷೆ) ಗ್ರಾಫಿನಲ್ಲಿ ಎರಡರ ನಡುವೆ ಒಂದೇ ಟಿಜಿ ಬರಬೇಕಿತ್ತು, ಅಂದರೆ ಗಾಜಿನಂಥ ಗಟ್ಟಿತನ ಬಿಟ್ಟು ಮೆತ್ತಗಾಗುವ ಒಂದೇ ತಾಪಮಾನ. ನನ್ನ ಗ್ರಾಫಿನಲ್ಲಿ ಪಿಎಲ್‌ಎಯ 60 ಡಿಗ್ರಿಯ ಮೆಟ್ಟಿಲು ತನ್ನ ಜಾಗದಲ್ಲೇ ಇತ್ತು. ನನಗೆ ಬೇಕಾದ್ದೂ ಅದೇ. ರಬ್ಬರ್ ಕರಗಿಹೋದರೆ ಪೆಟ್ಟು ತಡೆಯುವವರು ಯಾರು? ಅದು ಬೇರೆಯಾಗಿಯೇ ಇರಬೇಕು, ಆದರೆ ಕೈ ಬಿಡಬಾರದು.

ಜಿಂಕ್‌ಗೆ ಒಂದು ಕೆಟ್ಟ ಗುಣವೂ ಇದೆ. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಹತ್ತು ನಿಮಿಷ ಮಾಲು ಬ್ಯಾರೆಲ್‌ನಲ್ಲೇ ನಿಂತಿತು. ಮತ್ತೆ ಶುರು ಮಾಡಿದಾಗ ಬಂದದ್ದು ಕಂದು ಬಣ್ಣದ, ನೀರುನೀರಾದ ಪಾಕ. ಬಿಸಿಯಲ್ಲಿ ಜಾಸ್ತಿ ಹೊತ್ತು ಇಟ್ಟರೆ ಜಿಂಕ್ ಸಹ ಪಿಎಲ್‌ಎ ಸರಪಳಿಯನ್ನು ಕಡಿಯಲು ನೆರವಾಗುತ್ತದೆ.

ಆದರೂ ನಾನು ಆರಿಸಿಕೊಂಡದ್ದು ಜಿಂಕ್. ಬ್ಯಾರೆಲ್ 190 ಡಿಗ್ರಿ ದಾಟಿಸುವುದಿಲ್ಲ. ಮಷೀನು ನಿಂತರೆ ಒಳಗಿನ ಮಾಲನ್ನೆಲ್ಲ ಹೊರಗೆ ತಳ್ಳಿ, ಬರೀ ಪಿಎಲ್‌ಎ ಓಡಿಸಿ, ಎಳೆ ತಿಳಿಯಾದ ಮೇಲೆಯೇ ಮತ್ತೆ ಜಿಂಕ್ ದಾಣಾ ಸುರಿಯುತ್ತೇನೆ. ಚೀಲದ ಬಾಯಿ ಕಟ್ಟುವ ಕೆಲಸ ಈಗ ಕಾಕಾ ಅವರದು.