ಪ್ರೆಷರ್ ಇಡಬೇಕಾ, ವಾಲ್ಯೂಮ್ ಇಡಬೇಕಾ?

27 ವಾರಕ್ಕೇ ಹುಟ್ಟಿದ, 900 ಗ್ರಾಂ ತೂಗುವ ಮಗು. ಒಂದು ಉಸಿರಿಗೆ ಅದಕ್ಕೆ ಬೇಕಾದ ಗಾಳಿ ಎಷ್ಟು ಗೊತ್ತಾ? 4ರಿಂದ 5 ಎಂಎಲ್. ಒಂದು ಟೀ ಚಮಚ, ಅಷ್ಟೇ. ವೆಂಟಿಲೇಟರ್‌ನ ಯಾವ ಮೋಡ್ ಒಳ್ಳೆಯದು ಅನ್ನುವ ಜಗಳವೆಲ್ಲ ಈ ಚಮಚದ ಸುತ್ತಲೇ.

ನಾನು ಎನ್‌ಐಸಿಯುಗೆ, ಅಂದರೆ ನವಜಾತ ಶಿಶುಗಳ ಐಸಿಯುಗೆ, ಕಾಲಿಟ್ಟಾಗ ಕಲಿತದ್ದು ಪ್ರೆಷರ್ ಮೋಡ್. ಪ್ರೆಷರ್ ಎಷ್ಟು ಅಂತ ನಾವು ಇಡುತ್ತೇವೆ. ಗಾಳಿ ಎಷ್ಟು ಹೋಗುತ್ತದೋ ಅದು ಶ್ವಾಸಕೋಶದ ಮರ್ಜಿ. ಶ್ವಾಸನಾಳಕ್ಕೆ ಹಾಕಿದ ಟ್ಯೂಬ್ ಸುತ್ತ ಸ್ವಲ್ಪ ಸೋರಿದರೂ ಮೆಷಿನ್ ತಕರಾರು ಮಾಡುವುದಿಲ್ಲ. ಪಜೀತಿ ಶುರುವಾಗುವುದು ಸರ್ಫ್ಯಾಕ್ಟಂಟ್, ಅಂದರೆ ಶ್ವಾಸಕೋಶ ಸಲೀಸಾಗಿ ಬಿಚ್ಚಿಕೊಳ್ಳಲು ಕೊಡುವ ಔಷಧ, ಕೊಟ್ಟ ಮೇಲೆ. ಬಿರುಸಾಗಿದ್ದ ಶ್ವಾಸಕೋಶ ಕೆಲವೇ ನಿಮಿಷಗಳಲ್ಲಿ ಮೆತ್ತಗಾಗುತ್ತದೆ. ಅದೇ ಪ್ರೆಷರ್‌ಗೆ ಈಗ ಚಮಚದ ಬದಲು ಎರಡು ಚಮಚ ಹೋಗಬಹುದು. ಒಂದು ರಾತ್ರಿ ನಾನು ಪ್ರೆಷರ್ 22ಕ್ಕೆ ಇಟ್ಟಿದ್ದನ್ನು ಇಳಿಸಲು ತಡ ಮಾಡಿದೆ. ಪಕ್ಕದ ಮಗುವಿಗೆ ಲೈನ್ ಹಾಕುತ್ತಿದ್ದೆ. ಬಂದು ನೋಡಿದರೆ ಎದೆ ಢಾಳಾಗಿ ಏಳುತ್ತಿದೆ, ರಕ್ತದ ಗ್ಯಾಸ್ ರಿಪೋರ್ಟಿನಲ್ಲಿ ಕಾರ್ಬನ್ ಡೈಆಕ್ಸೈಡ್ 27. ಅಷ್ಟು ಇಳಿದರೆ ಮಿದುಳಿಗೆ ಹೋಗುವ ರಕ್ತವೇ ಕಮ್ಮಿಯಾಗುತ್ತದೆ. ಆ ಅಂಕಿ ಇನ್ನೂ ಮರೆತಿಲ್ಲ.

ವಾಲ್ಯೂಮ್ ಗ್ಯಾರಂಟಿ ಅನ್ನುವ ಮೋಡ್‌ನಲ್ಲಿ ಲೆಕ್ಕ ಉಲ್ಟಾ. ಕೆಜಿಗೆ 5 ಎಂಎಲ್ ಅಂತ ಹೇಳಿಟ್ಟರೆ ಪ್ರೆಷರ್ ಎಷ್ಟು ಬೇಕೋ ಮೆಷಿನ್ನೇ ನೋಡಿಕೊಳ್ಳುತ್ತದೆ. ಸರ್ಫ್ಯಾಕ್ಟಂಟ್ ಆದ ಮೇಲೆ ಪರದೆಯಲ್ಲಿ ಪ್ರೆಷರ್ 22, 18, 15 ಅಂತ ತಾನಾಗಿ ಇಳಿಯುವುದನ್ನು ನೋಡುವುದೇ ಒಂದು ನೆಮ್ಮದಿ. ಟ್ರಯಲ್‌ಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗಲೂ ಶ್ವಾಸಕೋಶ ಒಡೆದು ಗಾಳಿ ಸೋರುವುದು, ಬಿಪಿಡಿ ಅನ್ನುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಎರಡೂ ಇದರಲ್ಲಿ ಕಮ್ಮಿ. ಹಾಗಂತ ಇಟ್ಟು ಮರೆಯುವ ಹಾಗಿಲ್ಲ. ಟ್ಯೂಬಿನ ಬಾಯಲ್ಲಿರುವ ಗಾಳಿ ಅಳೆಯುವ ಫ್ಲೋ ಸೆನ್ಸರ್‌ಗೆ ನೀರು, ಕಫ ಸೇರಿದರೆ ಅಂಕಿಗಳೆಲ್ಲ ಸುಳ್ಳು. ಲೀಕ್ ಅರ್ಧಕ್ಕಿಂತ ಜಾಸ್ತಿಯಾದರೂ ಅಷ್ಟೇ. ಪ್ರೆಷರ್ ಮಿತಿಯನ್ನು ತೀರಾ ಕೆಳಗಿಟ್ಟರೆ ಅಲಾರಂ ರಾತ್ರಿಯಿಡೀ ಹೊಡೆದುಕೊಳ್ಳುತ್ತದೆ. ಆಗ ಅಲಾರಂ ಬಾಯಿ ಮುಚ್ಚಿಸುವುದಲ್ಲ, ಮಗುವನ್ನು ನೋಡಬೇಕು, ಅಲ್ವಾ? ಆದರೂ ಟ್ಯೂಬ್ ಹಾಕಿದ ಮಗುವಿಗೆ ನನ್ನ ಮೊದಲ ಆಯ್ಕೆ ಇದೇ.

ಎಚ್‌ಎಫ್‌ಓ, ಅಂದರೆ ಪುಟ್ಟ ಪುಟ್ಟ ಉಸಿರನ್ನು ಅತಿ ವೇಗವಾಗಿ ಕೊಡುವ ಮೋಡ್, ಬೇರೆಯೇ ಜಾತಿ. 10 ಹರ್ಟ್ಜ್ ಅಂದರೆ ನಿಮಿಷಕ್ಕೆ 600 ಸಲ. ಎದೆ ಏಳುವುದಿಲ್ಲ, ಸುಮ್ನೆ ನಡುಗುತ್ತದೆ. ಸ್ಟೆತ್ ಇಟ್ಟರೆ ಎದೆ ಬಡಿತವೂ ಸರಿಯಾಗಿ ಕೇಳಿಸುವುದಿಲ್ಲ. ಮಾಮೂಲಿ ಮೋಡ್ ಸೋತಾಗ ಇದು ಕೈ ಹಿಡಿದದ್ದನ್ನು ಕಂಡಿದ್ದೇನೆ. ಆದರೆ ಕಾರ್ಬನ್ ಡೈಆಕ್ಸೈಡ್ ಇಲ್ಲಿ ಸರ್ರನೆ ಇಳಿಯುತ್ತದೆ, ಗ್ಯಾಸ್ ಬೇಗ ಬೇಗ ನೋಡುತ್ತಿರಬೇಕು. ಮೊದಲ ದಿನದಿಂದಲೇ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಟ್ಯೂಬನ್ನೇ ತಪ್ಪಿಸಿ, ಮೂಗಿನ ಮೂಲಕ ಒಂದೇ ಸಮ ಪ್ರೆಷರ್ ಕೊಡುವ ಸಿಪ್ಯಾಪ್‌ನಲ್ಲಿ ದಾಟಿಸಿದರೆ ಇನ್ನೂ ಒಳ್ಳೆಯದು. ಆದರೆ 2008ರ ಕಾಯಿನ್ ಟ್ರಯಲ್‌ನಲ್ಲಿ, 25ರಿಂದ 28 ವಾರದ ಮಕ್ಕಳಲ್ಲಿ, ಸಿಪ್ಯಾಪ್‌ನಿಂದ ಶುರು ಮಾಡಿದವರಲ್ಲಿ 46% ಮಕ್ಕಳಿಗೆ ಮೊದಲ ಐದು ದಿನದೊಳಗೆ ಟ್ಯೂಬ್ ಬೇಕೇ ಆಯಿತು. ನ್ಯೂಮೋಥೊರಾಕ್ಸ್, ಅಂದರೆ ಶ್ವಾಸಕೋಶ ಒಡೆದು ಎದೆಯೊಳಗೆ ಗಾಳಿ ಸೋರುವುದು, ಕೂಡ 9%, ಟ್ಯೂಬ್ ಗುಂಪಿನಲ್ಲಿ 3%. ಸಿಪ್ಯಾಪ್‌ನಲ್ಲಿ ಡಾಕ್ಟರ್‌ಗಿಂತ ಸಿಸ್ಟರ್ ಕೆಲಸ ಜಾಸ್ತಿ. ಮೂಗಿಗೆ ಹಾಕುವ ಪ್ರಾಂಗ್ ಸರಿಯಾಗಿ ಕೂತಿದೆಯಾ, ಬಾಯಿ ತೆರೆದು ಪ್ರೆಷರ್ ಸೋರುತ್ತಿದೆಯಾ, ಮೂಗಿನ ನಡುವಿನ ಗೋಡೆ ಕೆಂಪಾಗಿದೆಯಾ. ನನಗೆ ಕಾಣುವ ಮೊದಲೇ ಅವರಿಗೆ ಕಂಡಿರುತ್ತದೆ.