ಕೆವಿಎಂ ಅಂತ ದುಡ್ಡು ತಗೊಂಡು ಕಂಟೇನರ್ ಕೊಟ್ಟರು, ವಿಪಿಎಸ್ ಕೊಳ್ಳುವವರು ಹುಷಾರು

ಒಂದು ವಿಪಿಎಸ್‌ಗೆ (ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್) ಒಂದು ವರ್ಷದ ದುಡ್ಡು ಒಟ್ಟಿಗೆ ಕಟ್ಟಿದ್ದೆ. ಹೋಯಿತು. ನಿಮ್ಮದಾದರೂ ಉಳಿಯಲಿ.

ಕಂಪನಿಯ ಪ್ಲಾನಿನಲ್ಲಿ ಕೆವಿಎಂ (ಸ್ವಂತ ಕರ್ನಲ್, ಅಂದರೆ ಓಎಸ್‌ನ ತಿರುಳು, ಇರುವ ವರ್ಚುವಲ್ ಮಷಿನ್), 4 ಜಿಬಿ ರ‍್ಯಾಮ್, ಪೂರ್ತಿ ರೂಟ್ (ಎಲ್ಲ ಅಧಿಕಾರ) ಅಂತ ದೊಡ್ಡದಾಗಿ ಹಾಕಿದ್ದರು. ಗೆಳೆಯನ ಆಫೀಸಿಗೆ ವೈರ್‌ಗಾರ್ಡ್ ಅನ್ನುವ ವಿಪಿಎನ್ ಹಾಕಿಕೊಡುವುದಿತ್ತು, ಸೋಮವಾರ ಬೆಳಗ್ಗೆ ರೆಡಿ ಇರುತ್ತೆ ಅಂತ ಮಾತು ಕೊಟ್ಟಿದ್ದೆ. ಭಾನುವಾರ ರಾತ್ರಿ ನೋಡಿದರೆ ಅದಕ್ಕೆ ಬೇಕಾದ ಕರ್ನಲ್ ಮಾಡ್ಯೂಲೇ ಲೋಡ್ ಆಗುತ್ತಿಲ್ಲ. ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಹಾಕೋಣ ಅಂದರೆ ಅನುಮತಿ ಇಲ್ಲ ಅನ್ನುತ್ತೆ, ರೂಟ್ ನಾನೇ ಅಲ್ವಾ? ಹೊಸ ಕರ್ನಲ್ ಹಾಕಿ ರೀಬೂಟ್ ಮಾಡಿದೆ, ಕರ್ನಲ್ ಯಾವುದು ಅಂತ ಹೇಳುವ ಯುನೇಮ್ ಕಮಾಂಡ್ ಮತ್ತೆ ಹಳೆಯದನ್ನೇ ತೋರಿಸಿತು. ಅದರ ಕೊನೆಯಲ್ಲಿ ಪಿವಿಇ ಅಂತ ಇತ್ತು. ಅದು ಪ್ರಾಕ್ಸ್‌ಮಾಕ್ಸ್ (ಒಂದೇ ಮಷಿನ್ನಿನಲ್ಲಿ ಹಲವು ವರ್ಚುವಲ್ ಸರ್ವರ್ ಓಡಿಸುವ ಸಾಫ್ಟ್‌ವೇರ್) ಹೋಸ್ಟಿನ, ಅಂದರೆ ಕೆಳಗಿರುವ ಅಸಲಿ ಮಷಿನ್ನಿನ, ಕರ್ನಲ್. ನನ್ನ ಡೆಬಿಯನ್ ಲಿನಕ್ಸ್‌ನಲ್ಲಿ ಅದಕ್ಕೇನು ಕೆಲಸ? ಆದರೂ ತಪ್ಪು ನನ್ನದೇ ಇರಬೇಕು ಅಂತ ರಾತ್ರಿಯೆಲ್ಲ ಕೂತೆ.

ಕಂಪನಿಗೆ ಟಿಕೆಟ್ (ದೂರು) ಹಾಕಿದೆ. "ನಿಮ್ಮ ಸೆಟ್ಟಿಂಗ್ ತಪ್ಪಿದೆ, ಓಎಸ್ ಮತ್ತೆ ಇನ್‌ಸ್ಟಾಲ್ ಮಾಡಿ" ಅಂದರು. ಮಾಡಿದೆ, ಹಾಕಿದ್ದೆಲ್ಲ ಅಳಿಸಿ ಮಾಡಿದೆ. ಅದೇ ಕಥೆ. "ಸೀನಿಯರ್ ಟೀಮ್ ನೋಡುತ್ತಿದೆ" ಅಂದರು, ಐದು ದಿನ ಸದ್ದಿಲ್ಲ.

ನಾನೂ ಸುಮ್ನೆ ಕೂತಿರಲಿಲ್ಲ. ಮೆಮೊರಿ ಲೆಕ್ಕ ಕೊಡುವ ಫ್ರೀ ಕಮಾಂಡ್ ಹೊಡೆದರೆ ಸರಿಯಾಗಿ 4 ಜಿಬಿ ತೋರಿಸುತ್ತಿತ್ತು, ಎಲ್‌ಎಕ್ಸ್‌ಸಿಎಫ್‌ಎಸ್ ಅನ್ನುವ ಸಾಫ್ಟ್‌ವೇರ್ ಆ ಲೆಕ್ಕವನ್ನು ಕಂಟೇನರಿಗೆ ತಕ್ಕಂತೆ ತೋರಿಸುತ್ತದೆ ಅಂತ ಆಗ ಹೊಳೆಯಲಿಲ್ಲ. ಪ್ರಾಕ್ ಫೋಲ್ಡರ್ ಒಳಗೆ 1ನೇ ಪ್ರೋಸೆಸ್ಸಿನ ಸಿಗ್ರೂಪ್ (ಪ್ರೋಸೆಸ್ ಯಾವ ಗುಂಪಿನದು ಅಂತ ಹೇಳುವ) ಫೈಲ್ ನೋಡಿದೆ, ಅಲ್ಲೂ ಎಲ್‌ಎಕ್ಸ್‌ಸಿ ಅನ್ನುವ ಕಂಟೇನರ್ ತಂತ್ರದ ಹೆಸರಿಲ್ಲ. ಅದು ಹಳೆಯ ಉಪಾಯ, ಸಿಗ್ರೂಪ್‌ನ 2ನೇ ಆವೃತ್ತಿ ಬಂದ ಮೇಲೆ ಅದನ್ನು ನಂಬಬೇಡಿ. ನಾನು ನಂಬಿದೆ. ಕೊನೆಗೆ ಯಾವ ಬಗೆಯ ವರ್ಚುವಲ್ ಅಂತ ಹೇಳುವ ಸಿಸ್ಟಮ್‌ಡಿ-ಡಿಟೆಕ್ಟ್-ವರ್ಟ್ ಓಡಿಸಿದೆ. ಒಂದೇ ಪದ ಬಂತು: ಎಲ್‌ಎಕ್ಸ್‌ಸಿ. ಅದನ್ನೇ ನೋಡುತ್ತಾ ಕೂತುಬಿಟ್ಟೆ. ಒಂದು ವಾರದಿಂದ ಗೆಳೆಯನಿಗೆ ನನ್ನ ಕೈಯಲ್ಲೇ ಏನೋ ತಪ್ಪಾಗಿದೆ ಅಂತ ಹೇಳುತ್ತಾ ಬಂದಿದ್ದೆ, ಅವನ ಮುಖ ನೋಡೋಕೆ ಈಗಲೂ ನಾಚಿಕೆ.

ಸ್ಕ್ರೀನ್‌ಶಾಟ್ ಕಳಿಸಿದೆ. ಉತ್ತರ ಹತ್ತೇ ನಿಮಿಷದಲ್ಲಿ ಬಂತು. "ಕಂಟೇನರ್ ಕೂಡ ವರ್ಚುವಲ್ ಮಷಿನ್ನೇ ಸರ್, ಇನ್ನೂ ಫಾಸ್ಟ್ ಇರುತ್ತೆ." ಫಾಸ್ಟ್ ಇರಲಿ ಬಿಡಲಿ, ಅದಕ್ಕೆ ಸ್ವಂತ ಕರ್ನಲ್ ಇಲ್ಲ, ಹೋಸ್ಟಿನದನ್ನೇ ಹಂಚಿಕೊಳ್ಳುತ್ತದೆ, ನಾನು ದುಡ್ಡು ಕೊಟ್ಟಿದ್ದೇ ಆ ಸ್ವಂತ ಕರ್ನಲ್‌ಗೆ! ಕಂಟೇನರ್ ಕೆಟ್ಟದ್ದಲ್ಲ, ಮನೆಯಲ್ಲಿ ನಾನೇ ಬಳಸುತ್ತೇನೆ. ಕೆವಿಎಂ ಅಂತ ಹೇಳಿ ಮಾರಿದ್ದು ಮೋಸ. ದುಡ್ಡು ವಾಪಸ್ ಕೇಳಿದರೆ "7 ದಿನದ ಅವಧಿ ಮುಗಿದಿದೆ ಸರ್" ಅಂತೆ. ಆ 7 ದಿನ ತಿಂದವರು ಯಾರು? ಅವರೇ ಅಲ್ವಾ?

ಲಾಗಿನ್ ಆದ ಮೊದಲ ನಿಮಿಷದಲ್ಲೇ ಸಿಸ್ಟಮ್‌ಡಿ-ಡಿಟೆಕ್ಟ್-ವರ್ಟ್ ಕಮಾಂಡ್ ಓಡಿಸಿ. ಕೆವಿಎಂ ಅಂತ ಬರಬೇಕು. ಎಲ್‌ಎಕ್ಸ್‌ಸಿ, ಓಪನ್‌ವಿಝೆಡ್ (ಇನ್ನೊಂದು ಬಗೆಯ ಕಂಟೇನರ್) ಅಂತ ಬಂದರೆ ಅವತ್ತೇ ದುಡ್ಡು ಕೇಳಿ. ಇನ್ನೂ ಅನುಮಾನವಿದ್ದರೆ 2ನೇ ಪ್ರೋಸೆಸ್ ಯಾವುದು ನೋಡಿ, ಸ್ವಂತ ಕರ್ನಲ್ ಇದ್ದರೆ ಅಲ್ಲಿ ಕರ್ನಲ್ಲಿನದೇ ಪ್ರೋಸೆಸ್ ಆದ ಕೆಥ್ರೆಡ್‌ಡಿ ಇರುತ್ತದೆ. ವರ್ಷದ ದುಡ್ಡು ಒಟ್ಟಿಗೆ ಕಟ್ಟಲೇಬೇಡಿ, ಜಾಸ್ತಿ ಆದರೂ ಪರವಾಗಿಲ್ಲ, ತಿಂಗಳು ತಿಂಗಳು ಕಟ್ಟಿ.

ನನ್ನ ಟಿಕೆಟ್ ನಿನ್ನೆ ಮುಚ್ಚಿದ್ದಾರೆ. "ಸಮಸ್ಯೆ ಬಗೆಹರಿದಿದೆ" ಅಂತ ಬರೆದು.